ಎಲ್ಲೆ, ಸಾಕ್ಷಿ ಮತ್ತು ನಕ್ಷೆ: ಭೂಗಡಿ ವಿವಾದಗಳಲ್ಲಿ ಹಳೆಯ ನಕ್ಷೆಗಳ ಪ್ರಾಮಾಣ್ಯ

ನೆರೆಹೊರೆಯ ಹಿಡುವಳಿಗಳ ನಡುವಣ ಎಲ್ಲೆಯ ವಿವಾದಗಳಲ್ಲಿ ಹಳೆಯ ನಕ್ಷೆಗಳನ್ನು ಪ್ರಮಾಣವಾಗಿ ಹಾಜರುಪಡಿಸುವ ಪದ್ಧತಿ ಭಾರತದ ನ್ಯಾಯಾಲಯಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ರೂಢಿಗೆ ಬಂದಿತು. ಅಂದಿನಿಂದ ಇಂದಿನವರೆಗೆ ಜಮೀನ್ದಾರರ ನಡುವಣ ದೊಡ್ಡ ದಾವೆಗಳಲ್ಲಿಯೂ ಕೆಲವೇ ಗುಂಟೆಗಳ ಸಣ್ಣ ದಾವೆಗಳಲ್ಲಿಯೂ ನಕ್ಷೆಯೇ ಕೊನೆಯ ಮಾತು ಎಂಬ ನಂಬಿಕೆ ಜನರಲ್ಲಿ ಬೇರೂರಿದೆ. ನಕ್ಷೆಗೆ ಪಕ್ಷಪಾತವಿಲ್ಲ, ಅದು ಸುಳ್ಳು ಹೇಳುವುದಿಲ್ಲ, ಅದು ಅಳತೆಯ ಫಲ ಎಂಬುದು ಈ ನಂಬಿಕೆಯ ಆಧಾರ. ಆದರೆ ನಕ್ಷೆಗಳು ಹುಟ್ಟಿದ ಬಗೆಯನ್ನೂ ನ್ಯಾಯಾಲಯಗಳು ಅವುಗಳನ್ನು ಸ್ವೀಕರಿಸಿದ ಬಗೆಯನ್ನೂ ಪರಿಶೀಲಿಸಿದಾಗ ಬೇರೊಂದು ಚಿತ್ರ ಮೂಡುತ್ತದೆ. ಎಲ್ಲೆಯ ವಿಷಯದಲ್ಲಿ ನಕ್ಷೆಗೆ ದೊರೆತ ಬೆಲೆ ಅದರ ಅಳತೆಯ ಸೂಕ್ಷ್ಮತೆಗಿಂತ ಹೆಚ್ಚಾಗಿ ಅದನ್ನು ಬರೆಯುವಾಗ ನೆಲದ ಮೇಲೆ ಯಾರು ನಿಂತಿದ್ದರು, ಯಾರಿಗೆ ತಿಳಿವಳಿಕೆ ಕೊಡಲಾಗಿತ್ತು, ಯಾರು ಒಪ್ಪಿದ್ದರು ಎಂಬುದನ್ನು ಅವಲಂಬಿಸಿದೆ. ನಕ್ಷೆಗೆ ಮೊದಲಿದ್ದ ಸಾಕ್ಷಿಯ ಪರಂಪರೆ, ಮೈಸೂರು ಮತ್ತು ಮುಂಬಯಿ ಕರ್ನಾಟಕದ ಮೋಜಣಿ, ಬಂಗಾಳದ ಜಮೀನ್ದಾರಿಗಳ ಥಾಕ್ ನಕ್ಷೆ ಇವುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಈ ಸಂಗತಿ ಸ್ಪಷ್ಟವಾಗುತ್ತದೆ.

ನಕ್ಷೆಗೆ ಮೊದಲಿನ ಎಲ್ಲೆ

ಧರ್ಮಶಾಸ್ತ್ರಗಳು ಗಣಿಸಿರುವ ವ್ಯವಹಾರಪದಗಳಲ್ಲಿ ಸೀಮಾವಿವಾದವೂ ಒಂದು. ಮನುಸ್ಮೃತಿಯ ಎಂಟನೆಯ ಅಧ್ಯಾಯವು ಇದಕ್ಕೆ ಪ್ರತ್ಯೇಕ ಪ್ರಕರಣವನ್ನು ಮೀಸಲಿಟ್ಟಿದೆ. ಎಲ್ಲೆಯ ಗುರುತುಗಳು ಚೆನ್ನಾಗಿ ಕಾಣುವ ಜ್ಯೇಷ್ಠ ಮಾಸದಲ್ಲಿ ವಿವಾದವನ್ನು ತೀರ್ಮಾನಿಸಬೇಕೆಂಬ ವಿಧಿ ಅಲ್ಲಿದೆ. ಆಲ, ಅರಳಿ, ಮುತ್ತುಗ, ಬೂರುಗ ಮೊದಲಾದ ಬಾಳಿಕೆಯ ಮರಗಳನ್ನು ಗಡಿಯಲ್ಲಿ ಬೆಳೆಸಬೇಕು. ಕೆರೆ, ಬಾವಿ, ದೇವಾಲಯಗಳನ್ನು ಗಡಿ ಕೂಡುವೆಡೆಯಲ್ಲಿ ಕಟ್ಟಿಸಬೇಕು. ಇವು ಕಣ್ಣಿಗೆ ಕಾಣುವ ಗುರುತುಗಳು. ಇವುಗಳಲ್ಲದೆ ಕಲ್ಲು, ಮೂಳೆ, ಹೊಟ್ಟು, ಬೂದಿ, ಇದ್ದಿಲು, ಇಟ್ಟಿಗೆ, ಮರಳು ಮುಂತಾಗಿ ಮಣ್ಣು ಬೇಗ ಕರಗಿಸಲಾರದ ವಸ್ತುಗಳನ್ನು ನೆಲದೊಳಗೆ ಹುದುಗಿಸಿಡಬೇಕು. ಮನುಷ್ಯರು ಎಲ್ಲೆಯ ವಿಷಯದಲ್ಲಿ ಸದಾ ತಪ್ಪುತ್ತಾರೆ ಎಂಬ ಅನುಭವವೇ ಈ ಎಚ್ಚರಿಕೆಗೆ ಕಾರಣ.

ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದವನು. ಕನ್ನಡ ನಾಡಿನ ರಾಜಧಾನಿಯಲ್ಲಿ ಹುಟ್ಟಿದ ಈ ಗ್ರಂಥದಲ್ಲಿ ಸೀಮಾವಿವಾದದ ವಿಚಾರ ವಿಸ್ತಾರವಾಗಿ ಬಂದಿದೆ. ಎಲ್ಲೆಯಲ್ಲಿ ಐದು ಬಗೆ ಎಂಬ ವಿಂಗಡಣೆ ಅಲ್ಲಿ ಉಲ್ಲೇಖಗೊಂಡಿದೆ. ಮರಗಳಿಂದ ಗುರುತಾದದ್ದು ಧ್ವಜಿನೀ, ನೀರಿನಿಂದ ಗುರುತಾದದ್ದು ಮತ್ಸ್ಯಿನೀ, ಹುದುಗಿಸಿಟ್ಟ ವಸ್ತುಗಳಿಂದ ತಿಳಿಯುವುದು ನೈಧಾನೀ, ಉಭಯ ಪಕ್ಷಗಳ ಒಪ್ಪಂದದಿಂದ ಸ್ಥಿರವಾದದ್ದು ಭಯವರ್ಜಿತಾ, ಯಾವ ಗುರುತೂ ಇಲ್ಲದೆ ಅರಸನ ಆಜ್ಞೆಯಿಂದ ನಿಂತದ್ದು ರಾಜಶಾಸನನೀತಾ. ಒಪ್ಪಂದದಿಂದ ಬಂದ ಎಲ್ಲೆಗೆ ಭಯವಿಲ್ಲದ್ದು ಎಂಬ ಹೆಸರು ಸಂದಿರುವುದು ಗಮನಾರ್ಹ.

ಗುರುತುಗಳಿಂದ ನಿರ್ಣಯವಾಗದಿದ್ದಾಗ ನೆರೆಯ ಗ್ರಾಮದವರನ್ನು ಕರೆಯಬೇಕು. ಸಮಸಂಖ್ಯೆಯ ಸಾಮಂತರು, ಎಂದರೆ ಸುತ್ತಲಿನ ನೆಲದವರು, ಕೆಂಪು ಬಟ್ಟೆಯುಟ್ಟು, ಕೆಂಪು ಹೂಮಾಲೆ ತೊಟ್ಟು, ತಲೆಯ ಮೇಲೆ ಮಣ್ಣು ಹೊತ್ತು ಎಲ್ಲೆಯನ್ನು ನಡೆದು ತೋರಿಸಬೇಕು. ಸುಳ್ಳು ಎಲ್ಲೆಯನ್ನು ತೋರಿಸಿದವರಿಗೆ ಪ್ರತ್ಯೇಕ ಪ್ರತ್ಯೇಕವಾಗಿ ದಂಡ ವಿಧಿಸಬೇಕು. ಬಲ್ಲವರೂ ಇಲ್ಲದೆ, ಗುರುತೂ ಇಲ್ಲದೆ ಹೋದಾಗ ಮಾತ್ರ ಅರಸನು ತಾನೇ ಎಲ್ಲೆಯನ್ನು ಹಾಕಬೇಕು. ಇಲ್ಲಿ ಪ್ರಮಾಣಗಳ ಕ್ರಮ ಸ್ಪಷ್ಟವಾಗಿದೆ: ಮೊದಲು ನೆಲದ ಗುರುತು, ಆಮೇಲೆ ನೆರೆಯವರ ಸಾಕ್ಷಿ, ಕೊನೆಯಲ್ಲಿ ಪ್ರಭುತ್ವದ ಆಜ್ಞೆ. ಆಜ್ಞೆಗೆ ಕೊನೆಯ ಸ್ಥಾನ ಸಂದಿದೆ.

ಕರ್ನಾಟಕದ ದಾನಶಾಸನಗಳು ಇದೇ ಪರಂಪರೆಯ ಲಿಖಿತ ರೂಪಗಳು. ಪೂರ್ವದಿಂದ ತೊಡಗಿ ಪ್ರದಕ್ಷಿಣೆಯಾಗಿ ಸಾಗುವ ಸೀಮಾವಿವರಣೆಯಲ್ಲಿ ಹಳ್ಳ, ಹುತ್ತ, ಹುಣಿಸೆಯ ಮರ, ನಟ್ಟ ಕಲ್ಲು, ಕೆರೆಯ ಕೋಡಿ, ಮೂರು ಊರುಗಳ ಎಲ್ಲೆ ಕೂಡುವ ತಾಣ ಇವೆಲ್ಲ ಒಂದಾದ ಮೇಲೊಂದರಂತೆ ಬರುತ್ತವೆ. ವಿಜಯನಗರ ಕಾಲದ ಅನೇಕ ತಾಮ್ರಪಟಗಳಲ್ಲಿ ಪ್ರಶಸ್ತಿ ಭಾಗವೆಲ್ಲ ಸಂಸ್ಕೃತದಲ್ಲಿದ್ದರೂ ಎಲ್ಲೆಯ ವಿವರ ಬಂದೊಡನೆ ಭಾಷೆ ಕನ್ನಡಕ್ಕೆ ತಿರುಗುತ್ತದೆ. ಎಲ್ಲೆಯನ್ನು ಓದಿಸಿ ಕೇಳಬೇಕಾದವರು ಆ ಊರಿನ ಒಕ್ಕಲುಗಳು. ಅವರಿಗೆ ತಿಳಿಯದ ಭಾಷೆಯಲ್ಲಿ ಬರೆದ ಗಡಿಯಿಂದ ಪ್ರಯೋಜನವಿಲ್ಲ. ಶೈವ ದತ್ತಿಗಳಿಗೆ ಲಿಂಗಮುದ್ರೆಯ ಕಲ್ಲು, ಬ್ರಾಹ್ಮಣ ದತ್ತಿಗಳಿಗೆ ವಾಮನಮುದ್ರೆಯ ಕಲ್ಲು, ಜೈನ ದತ್ತಿಗಳಿಗೆ ಮುಕ್ಕೊಡೆಯ ಕಲ್ಲು ಎಂಬ ಪದ್ಧತಿಯೂ ಓದು ಬಾರದವರಿಗೆ ಎಲ್ಲೆಯನ್ನು ತಿಳಿಸುವ ಉಪಾಯವೇ ಆಗಿದೆ. ಊರಿನ ಎಲ್ಲೆಗಾಗಿ ಕಾದಿ ಮಡಿದವರ ವೀರಗಲ್ಲುಗಳು ನಾಡಿನಲ್ಲಿ ದೊರೆಯುತ್ತವೆ. ಈ ಗುರುತುಗಳು ತಪ್ಪಿದಾಗ ತೆರಬೇಕಾಗುತ್ತಿದ್ದ ಬೆಲೆಯನ್ನು ಅವು ತಿಳಿಸುತ್ತವೆ.

ಎಲ್ಲೆಯ ನೆನಪನ್ನು ಕಾಯುವ ಕೆಲಸ ಗ್ರಾಮವ್ಯವಸ್ಥೆಯಲ್ಲಿ ಒಂದು ವೃತ್ತಿಯೇ ಆಗಿತ್ತು. ಬ್ರಿಟಿಷ್ ಪಾರ್ಲಿಮೆಂಟಿಗೆ 1812ರಲ್ಲಿ ಸಲ್ಲಿಸಲಾದ ಐದನೆಯ ವರದಿಯು ದಕ್ಷಿಣದ ಗ್ರಾಮಾಧಿಕಾರಿಗಳನ್ನು ಪಟ್ಟಿ ಮಾಡುವಾಗ ಊರಿನ ಗಡಿಯನ್ನು ಕಾಪಾಡುವ, ವಿವಾದ ಬಂದಾಗ ಅದರ ಬಗ್ಗೆ ಸಾಕ್ಷಿ ನುಡಿಯುವ ಒಬ್ಬ ಸೇವಕನನ್ನು ಪ್ರತ್ಯೇಕವಾಗಿ ಹೆಸರಿಸಿದೆ. ನಕ್ಷೆಯು ಬಂದದ್ದು ಹೀಗೆ ಸಾಕ್ಷಿಯೇ ಪ್ರಧಾನವಾಗಿದ್ದ ಒಂದು ವ್ಯವಸ್ಥೆಯೊಳಕ್ಕೆ.

ಮೈಸೂರು ಸೀಮೆಯ ಎರಡು ಬಗೆಯ ನಕ್ಷೆಗಳು

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಟೀಪು ಸುಲ್ತಾನನ ರಾಜ್ಯವನ್ನು ಹಂಚಿಕೊಳ್ಳಲಾಯಿತು. ಕಂಪನಿ, ನಿಜಾಮ ಮತ್ತು ಮೈಸೂರು ಇವುಗಳ ಪಾಲಿನ ಗಡಿಗಳನ್ನು ನೆಲದ ಮೇಲೆ ಗುರುತಿಸುವ ಅಗತ್ಯದಿಂದಲೇ ಕಾಲಿನ್ ಮೆಕೆಂಜಿಯ ಮೈಸೂರು ಸರ್ವೇಕ್ಷಣೆ ಆರಂಭವಾಯಿತು. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ಮೆಕೆಂಜಿಯೂ ಅವನ ಸಹಾಯಕರೂ ಸಿದ್ಧಪಡಿಸಿದ ನಕ್ಷೆಗಳು ಇತಿಹಾಸದ ಸಂಶೋಧಕರಿಗೆ ಅಮೂಲ್ಯವಾಗಿವೆ. ಆದರೆ ಅವು ದೇಶದ ನಕ್ಷೆಗಳು. ಕೋಟೆ, ದಾರಿ, ಬೆಟ್ಟ, ಹೊಳೆ, ಕೆರೆ, ಊರು ಇವುಗಳನ್ನು ತೋರಿಸುವುದು ಅವುಗಳ ಉದ್ದೇಶ. ಒಬ್ಬ ರೈತನ ಹೊಲ ಎಲ್ಲಿ ಮುಗಿದು ಇನ್ನೊಬ್ಬನದು ಎಲ್ಲಿ ತೊಡಗುತ್ತದೆ ಎಂಬ ಪ್ರಶ್ನೆಗೆ ಅವುಗಳಲ್ಲಿ ಉತ್ತರವಿಲ್ಲ. ಪ್ರಾಚೀನ ನಕ್ಷೆ ಎಂಬ ಒಂದೇ ಕಾರಣದಿಂದ ಅಂಥದನ್ನು ಹಿಡುವಳಿಯ ಗಡಿಗೆ ಪ್ರಮಾಣವಾಗಿ ಬಳಸಲಾಗದು.

ಹಿಡುವಳಿಯ ಎಲ್ಲೆಗೆ ಸಂಬಂಧಿಸಿದ ನಕ್ಷೆಗಳು ಬಂದದ್ದು ಕಂದಾಯ ಮೋಜಣಿಯ ಮೂಲಕ. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1830ರ ದಶಕದ ನಡುವಿನಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ರೂಪಿಸತೊಡಗಿದ ಪದ್ಧತಿ ಮುಂಬಯಿ ಆಧಿಪತ್ಯದ ಧಾರವಾಡ, ಬೆಳಗಾವಿ ಪ್ರದೇಶಗಳಿಗೆ 1840ರ ದಶಕದಲ್ಲಿ ಹಬ್ಬಿತು. 1847ರ ಜಂಟಿ ವರದಿಯು ಅದರ ನಿಯಮಗಳನ್ನು ಕ್ರೋಡೀಕರಿಸಿತು. ಬೌರಿಂಗ್ ಕಮಿಷನರ್ ಆಗಿದ್ದ ಕಾಲದಲ್ಲಿ, 1863ರಲ್ಲಿ, ಇದೇ ಮಾದರಿಯ ಮೋಜಣಿ ಮೈಸೂರಿನಲ್ಲಿಯೂ ಆರಂಭವಾಯಿತು. ಹೊಲಗಳಿಗೆ ಸರ್ವೆ ನಂಬರು, ಮೂಲೆಗಳಿಗೆ ಬಾಂದುಕಲ್ಲು, ಪ್ರತಿ ನಂಬರಿಗೂ ಟಿಪ್ಪಣಿ, ಊರಿಗೊಂದು ಗ್ರಾಮನಕ್ಷೆ, ವಿಸ್ತೀರ್ಣ ಮತ್ತು ಕಂದಾಯಗಳಿಗೆ ಆಕಾರಬಂದ್ ಎಂಬ ದಾಖಲೆಗಳ ಸರಣಿ ಹೀಗೆ ನೆಲೆಗೊಂಡಿತು.

ಈ ಸರಣಿಯಲ್ಲಿ ಟಿಪ್ಪಣಿಗೂ ಗ್ರಾಮನಕ್ಷೆಗೂ ಇರುವ ಭೇದವನ್ನು ಅರಿಯಬೇಕು. ಟಿಪ್ಪಣಿಯು ಹೊಲದಲ್ಲೇ ಕೈಯಿಂದ ಬರೆದ ಕಚ್ಚಾ ಚಿತ್ರ. ಅದರ ಗೆರೆಗಳು ಪ್ರಮಾಣಬದ್ಧವಲ್ಲ. ಆದರೆ ಸರಪಳಿಯಿಂದ ಅಳೆದ ಉದ್ದಗಳು ಅದರ ಮೇಲೆ ಅಂಕಿಗಳಲ್ಲಿ ನಮೂದಾಗಿರುತ್ತವೆ. ಗ್ರಾಮನಕ್ಷೆಯು ಪ್ರಮಾಣಬದ್ಧವಾದದ್ದು, ಆದರೆ ಅದರಲ್ಲಿ ಹೊಲದ ಬದುಗಳ ಉದ್ದಗಳು ಅಂಕಿಗಳಲ್ಲಿ ಇರುವುದಿಲ್ಲ. ನೋಡಲು ಅಚ್ಚುಕಟ್ಟಾದ ಗ್ರಾಮನಕ್ಷೆಗಿಂತ ಅಂದವಿಲ್ಲದ ಟಿಪ್ಪಣಿಯೇ ಹೊಲದ ಗಡಿಗೆ ಹತ್ತಿರದ ಸಾಕ್ಷಿಯಾಗಿದೆ. ಹದ್ದುಬಸ್ತಿಗಾಗಿ ಬರುವ ಭೂಮಾಪಕರು ಟಿಪ್ಪಣಿಯ ನಕಲನ್ನು ಕೈಯಲ್ಲಿ ಹಿಡಿದು ಹಳೆಯ ಬಾಂದುಕಲ್ಲನ್ನು ಹುಡುಕುವುದು ಈ ಕಾರಣದಿಂದಲೇ.

ಗ್ರಾಮನಕ್ಷೆಯ ಮಿತಿಯನ್ನು ಸರಳ ಲೆಕ್ಕದಿಂದ ತೋರಿಸಬಹುದು. ಈ ಪದ್ಧತಿಯ ಗ್ರಾಮನಕ್ಷೆಗಳು ಸಾಮಾನ್ಯವಾಗಿ ಮೈಲಿಗೆ 8 ಅಂಗುಲದ ಪ್ರಮಾಣದವು. ಎಂದರೆ ಕಾಗದದ ಮೇಲಿನ 1 ಅಂಗುಲ ನೆಲದ ಮೇಲೆ 660 ಅಡಿ. ಶಾಯಿಯ ಗೆರೆಯ ದಪ್ಪ ಅಂಗುಲದ 50ರಲ್ಲಿ ಒಂದು ಭಾಗವಿದ್ದರೆ ಅದು ನೆಲದ ಮೇಲೆ 13.2 ಅಡಿಯನ್ನು ಮುಚ್ಚುತ್ತದೆ. 660 ಅಡಿ ಉದ್ದದ ಬದುವಿನಲ್ಲಿ ಈ ಗೆರೆಯೊಂದೇ ಆವರಿಸುವ ನೆಲ 8,712 ಚದರ ಅಡಿ. ಒಂದು ಗುಂಟೆಗೆ 1,089 ಚದರ ಅಡಿಯಂತೆ ಅದು ಸರಿಯಾಗಿ 8 ಗುಂಟೆ. ಒಂದೆರಡು ಎಕರೆಯ ಹಿಡುವಳಿದಾರನಿಗೆ 8 ಗುಂಟೆ ಅಲ್ಪವಲ್ಲ. ನೆರೆಯವರಿಬ್ಬರ ನಡುವಣ ಇಡೀ ವಿವಾದ ಒಮ್ಮೊಮ್ಮೆ ಗೆರೆಯ ದಪ್ಪದೊಳಗೇ ಅಡಗಿರುತ್ತದೆ. ಹಳೆಯ ಕಾಗದದ ಕುಗ್ಗುವಿಕೆ, ನಕಲು ಮಾಡುವಾಗಿನ ವ್ಯತ್ಯಾಸ, ಬಳಸಿ ಬಳಸಿ ಉದ್ದವಾದ ಸರಪಳಿ ಇವುಗಳಿಂದ ಬರುವ ದೋಷಗಳು ಇದರ ಮೇಲೆ ಬೇರೆ.

ಅಳತೆಗೆ ಇಂಥ ಮಿತಿಗಳಿರುವುದರಿಂದಲೇ ಕಂದಾಯ ಕಾನೂನುಗಳು ಒಪ್ಪಂದಕ್ಕೆ ಮೊದಲ ಮಣೆ ಹಾಕಿದವು. 1879ರ ಮುಂಬಯಿ ಭೂಕಂದಾಯ ಸಂಹಿತೆಯ ಪ್ರಕಾರ, ಎರಡು ಊರುಗಳ ವಂಶಪಾರಂಪರ್ಯ ಗ್ರಾಮಾಧಿಕಾರಿಗಳೂ ಹಿಡುವಳಿದಾರರೂ ಒಂದು ಗೆರೆಯನ್ನು ತಮ್ಮ ಸಾಮಾನ್ಯ ಗಡಿಯೆಂದು ಒಪ್ಪಿದರೆ ಮೋಜಣಿ ಅಧಿಕಾರಿಯು ಅವರಿಂದ ಒಪ್ಪಂದವನ್ನು ಬರೆಸಿಕೊಂಡು ಅದರಂತೆ ಗಡಿಯನ್ನು ಗುರುತಿಸಬೇಕು. ಒಪ್ಪದಿದ್ದರೆ ಮಾತ್ರ ವಿವಾದದ ನೆಲವನ್ನು ಅಳೆದು, ನಕ್ಷೆ ಬರೆದು, ವಿಧಿವತ್ತಾದ ವಿಚಾರಣೆ ನಡೆಸಿ ತೀರ್ಪು ಕೊಡಬೇಕು. 1888ರ ಮೈಸೂರು ಭೂಕಂದಾಯ ಸಂಹಿತೆಯು ಇದೇ ಮಾದರಿಯನ್ನು ಅನುಸರಿಸಿತು. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದಲ್ಲಿಯೂ ಈ ಧೋರಣೆ ಮುಂದುವರಿದಿದೆ. ಹನ್ನೆರಡನೆಯ ಶತಮಾನದ ಮಿತಾಕ್ಷರೆಗೂ ಹತ್ತೊಂಬತ್ತನೆಯ ಶತಮಾನದ ಸಂಹಿತೆಗೂ ನೇರವಾದ ಸಂಬಂಧವನ್ನು ಕಲ್ಪಿಸಲು ಆಧಾರವಿಲ್ಲ. ಆದರೂ ಮೊದಲು ನೆರೆಯವರ ಒಪ್ಪಿಗೆ, ಆಮೇಲೆ ಪ್ರಭುತ್ವದ ನಿರ್ಣಯ ಎಂಬ ಕ್ರಮ ಎರಡರಲ್ಲೂ ಒಂದೇ ಆಗಿರುವುದು ಎಲ್ಲೆ ಎಂಬುದರ ಸ್ವಭಾವವನ್ನು ಸೂಚಿಸುತ್ತದೆ.

ಬಂಗಾಳದ ಜಮೀನ್ದಾರಿಗಳು ಮತ್ತು ಥಾಕ್ ನಕ್ಷೆ

ನಕ್ಷೆಯ ಪ್ರಾಮಾಣ್ಯದ ಬಗ್ಗೆ ಭಾರತದ ನ್ಯಾಯಾಲಯಗಳು ಅನುಸರಿಸಿದ ತತ್ತ್ವಗಳಲ್ಲಿ ಮುಖ್ಯವಾದವು ಬಂಗಾಳದ ಜಮೀನ್ದಾರಿ ದಾವೆಗಳಿಂದ ಬಂದವು. ಆದುದರಿಂದ ಕರ್ನಾಟಕದ ವಿವಾದಗಳನ್ನು ಅರಿಯುವುದಕ್ಕೂ ಅಲ್ಲಿಯ ಪರಿಸ್ಥಿತಿಯ ತಿಳಿವಳಿಕೆ ಅಗತ್ಯ. 1793ರ ಕಾಯಂ ಗುತ್ತಿಯ ವ್ಯವಸ್ಥೆಯು ಜಮೀನ್ದಾರರ ಕಂದಾಯವನ್ನು ಶಾಶ್ವತವಾಗಿ ನಿಗದಿಪಡಿಸಿತು. ಆದರೆ ಜಮೀನ್ದಾರಿಗಳ ಎಲ್ಲೆಯನ್ನು ಅಳೆಯಲಿಲ್ಲ. ರೆನೆಲ್ ಸಿದ್ಧಪಡಿಸಿದ ಬಂಗಾಳದ ಭೂಪಟ ಆ ವೇಳೆಗೆ ಪ್ರಕಟವಾಗಿತ್ತಾದರೂ ಅದು ನದಿ ಮತ್ತು ದಾರಿಗಳ ನಕ್ಷೆಯೇ ಹೊರತು ಹಿಡುವಳಿಗಳದ್ದಲ್ಲ. ಕಂದಾಯ ಸ್ಥಿರವಾಗಿದ್ದು ಎಲ್ಲೆ ಅಸ್ಥಿರವಾಗಿದ್ದಾಗ ನೆರೆಯ ಜಮೀನಿನೊಳಕ್ಕೆ ಒತ್ತರಿಸಿದಷ್ಟೂ ಲಾಭ. ಅರ್ಧ ಶತಮಾನದ ಕಾಲ ಈ ಸ್ಥಿತಿ ವ್ಯಾಜ್ಯಗಳಿಗೂ ಹೊಡೆದಾಟಗಳಿಗೂ ಎಡೆಮಾಡಿತು.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ನಡೆದ ಥಾಕ್‌ಬಸ್ತ್ ಮೋಜಣಿ ಇದಕ್ಕೆ ಪರಿಹಾರವಾಗಿ ಬಂದಿತು. ಥಾಕ್ ಎಂದರೆ ಗಡಿಯ ಗುರುತಿಗಾಗಿ ಹಾಕಿದ ಮಣ್ಣಿನ ಗುಡ್ಡೆ. ದೇಶೀಯ ಅಮೀನರು ಮುಂದಾಗಿ ಹೋಗಿ, ಜಮೀನ್ದಾರರನ್ನು ಅಥವಾ ಅವರ ಗುಮಾಸ್ತರನ್ನು ಬರಮಾಡಿಕೊಂಡು, ಅವರು ತೋರಿಸಿದ ಎಲ್ಲೆಯಲ್ಲಿ ಗುಡ್ಡೆಗಳನ್ನು ಹಾಕಿಸಿ ಒರಟಾದ ನಕ್ಷೆಯನ್ನು ಬರೆಯುತ್ತಿದ್ದರು. ಅವರ ಹಿಂದೆ ಬರುತ್ತಿದ್ದ ವೃತ್ತಿಪರ ಭೂಮಾಪಕರು ಉಪಕರಣಗಳಿಂದ ಅಳೆದು ಮೈಲಿಗೆ 4 ಅಂಗುಲದ ಕಂದಾಯ ಸರ್ವೆ ನಕ್ಷೆಯನ್ನು ಸಿದ್ಧಪಡಿಸುತ್ತಿದ್ದರು. ಹೀಗೆ ಒಂದೇ ನೆಲಕ್ಕೆ ಎರಡು ನಕ್ಷೆಗಳಾದವು. ಎರಡನೆಯದು ಮೌಜೆಯ, ಎಂದರೆ ಗ್ರಾಮದ, ಹೊರಗಡಿಯನ್ನು ನಿಖರವಾಗಿ ತೋರಿಸಿತು. ಮೌಜೆಯೊಳಗೆ ಯಾವ ನೆಲ ಯಾರ ಜಮೀನ್ದಾರಿಗೆ ಸೇರಿದ್ದು ಎಂಬುದನ್ನು ತೋರಿಸಿದ್ದು ಮೊದಲನೆಯದು. ಜಮೀನ್ದಾರರ ನಡುವಣ ದಾವೆಗಳಲ್ಲಿ ಅಳತೆಯಲ್ಲಿ ಹಿಂದುಳಿದ ಥಾಕ್ ನಕ್ಷೆಗೆ ತೂಕ ಬಂದದ್ದು ಈ ಕಾರಣದಿಂದ. ಜಮೀನ್ದಾರನ ಕಡೆಯವರು ಅದಕ್ಕೆ ರುಜು ಹಾಕಿದ್ದರೆ ಅದು ಅವನ ಒಪ್ಪಿಕೆಯ ಪತ್ರವೂ ಆಗುತ್ತಿತ್ತು.

ಜಗದೀಂದ್ರನಾಥ ರಾಯ್ ಮತ್ತು ಸೆಕ್ರೆಟರಿ ಆಫ್ ಸ್ಟೇಟ್ ನಡುವಣ 1902ರ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ ಈ ವಿಷಯದಲ್ಲಿ ನೀಡಿದ ತೀರ್ಮಾನ ಮುಂದಿನ ನೂರು ವರ್ಷಗಳಿಗೆ ದಾರಿತೋರಿತು. ಕಂದಾಯದ ಉದ್ದೇಶಕ್ಕಾಗಿ ಭಾರತದಲ್ಲಿ ತಯಾರಾದ ನಕ್ಷೆಗಳು ಸಮರ್ಥರಾದವರು ಸಿದ್ಧಪಡಿಸಿದ ಸರ್ಕಾರಿ ದಾಖಲೆಗಳು. ಸಂಬಂಧಪಟ್ಟವರಿಗೆ ತಿಳಿವಳಿಕೆ ಕೊಟ್ಟು ಬಹಿರಂಗವಾಗಿ ಮಾಡಿದ ಕಾರ್ಯದ ಫಲಗಳು. ಆದ್ದರಿಂದ ಅವು ತಯಾರಾದ ಕಾಲದ ಸ್ಥಿತಿಗೆ ಬೆಲೆಯುಳ್ಳ ಸಾಕ್ಷ್ಯವಾಗುತ್ತವೆ ಎಂಬುದು ಅದರ ಸಾರ. ಅವು ಅಂತಿಮ ಪ್ರಮಾಣವಲ್ಲ, ತಪ್ಪೆಂದು ತೋರಿಸಲು ಅವಕಾಶವಿದೆ, ವಿರುದ್ಧ ಸಾಕ್ಷ್ಯವಿಲ್ಲದಿದ್ದರೆ ಸ್ವೀಕರಿಸಬಹುದು ಎಂಬ ಮಿತಿಯನ್ನೂ ಅದೇ ತೀರ್ಮಾನ ಹೇಳಿತು. ನಕ್ಷೆಯನ್ನು ಒಪ್ಪಲು ಕೊಟ್ಟ ಕಾರಣಗಳಲ್ಲಿ ಬಹಿರಂಗತೆ ಮತ್ತು ತಿಳಿವಳಿಕೆಗಳು ಭೂಮಾಪಕರ ಸಾಮರ್ಥ್ಯಕ್ಕೆ ಸರಿಸಮನಾಗಿ ನಿಂತಿವೆ. ನೆರೆಯವರ ಬೆನ್ನ ಹಿಂದೆ ಬರೆದ ನಕ್ಷೆ ಎಷ್ಟೇ ನಿಖರವಾಗಿದ್ದರೂ ಈ ತರ್ಕದ ಆಶ್ರಯವನ್ನು ಪಡೆಯಲಾರದು. ಥಾಕ್ ನಕ್ಷೆಯು ತನ್ನ ಕಾಲದ ಸ್ವಾಧೀನಾನುಭವಕ್ಕೆ ಸಾಕ್ಷಿ. ಅದನ್ನು 1793ರವರೆಗೆ ಹಿಂದಕ್ಕೆ ಒಯ್ಯಲು ಬೇರೆ ಆಧಾರಗಳು ಬೇಕು ಎಂಬುದೂ ಇದರಿಂದ ಫಲಿಸುತ್ತದೆ.

ನಕ್ಷೆಯೊಂದೇ ಗತಿಯಾಗುವ ಸಂದರ್ಭಗಳೂ ಇವೆ. ಬಂಗಾಳ, ಬಿಹಾರಗಳಲ್ಲಿ ಗಂಗೆ ತನ್ನ ಪಾತ್ರವನ್ನು ಬದಲಿಸಿದಾಗ ಊರುಗಳೇ ಮುಳುಗಿ ಕೆಲವು ವರ್ಷಗಳ ಬಳಿಕ ಮರಳಿನ ದಿಬ್ಬಗಳಾಗಿ ಮೇಲೆದ್ದವು. 1825ರ ಹನ್ನೊಂದನೆಯ ರೆಗ್ಯುಲೇಷನ್ ಪ್ರಕಾರ ನದಿಯು ಕ್ರಮಕ್ರಮವಾಗಿ ಕೂಡಿಸಿದ ನೆಲ ಪಕ್ಕದ ಜಮೀನಿಗೆ ಸೇರುತ್ತದೆ. ಆದರೆ ಮುಳುಗಿದ ನೆಲವೇ ಮತ್ತೆ ಎದ್ದರೆ? ಲೋಪೆಜ್ ಮತ್ತು ಮದನಮೋಹನ ಠಾಕೂರ್ ನಡುವಣ 1870ರ ಮೊಕದ್ದಮೆಯಲ್ಲಿ, ಹಳೆಯ ತಾಣದಲ್ಲೇ ಎದ್ದುದೆಂದು ಗುರುತಿಸಬಹುದಾದ ನೆಲ ಹಳೆಯ ಒಡೆಯನದೇ, ನೆರೆಯವನ ಕೂಡುನೆಲವಲ್ಲ ಎಂದು ಪ್ರಿವಿ ಕೌನ್ಸಿಲ್ ನಿರ್ಣಯಿಸಿತು. ಮರ, ಬದು, ಗುಡ್ಡೆ ಯಾವುವೂ ಉಳಿಯದ ಇಂಥ ನೆಲದಲ್ಲಿ ಹಳೆಯ ತಾಣವನ್ನು ಗುರುತಿಸಲು ಹಿಂದಿನ ಅಳತೆ ಮತ್ತು ನಕ್ಷೆಗಳಿಗಿಂತ ಬೇರೆ ಆಸರೆ ವಿರಳ.

ಸಾಕ್ಷ್ಯ ಕಾನೂನು ಮತ್ತು ಚಕ್ಕುಬಂದಿ

1872ರ ಭಾರತೀಯ ಸಾಕ್ಷ್ಯ ಅಧಿನಿಯಮವು ನಕ್ಷೆಗಳಲ್ಲಿ ಸ್ಪಷ್ಟವಾದ ಭೇದವನ್ನು ಮಾಡಿತು. ಸರ್ಕಾರದ ಅಧಿಕಾರದಿಂದ ತಯಾರಾದ ನಕ್ಷೆ ನಿಖರವೆಂದು ನ್ಯಾಯಾಲಯ ಭಾವಿಸಬೇಕು. ಆದರೆ ಒಂದು ದಾವೆಯ ಸಲುವಾಗಿಯೇ ಬರೆಸಿದ ನಕ್ಷೆಯ ನಿಖರತೆಯನ್ನು ರುಜುವಾತುಪಡಿಸಬೇಕು ಎಂದು ಅದರ 83ನೆಯ ಪ್ರಕರಣ ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ 2023ರಲ್ಲಿಯೂ ಈ ನಿಯಮ ಉಳಿದಿದೆ. ಜಗಳ ಹುಟ್ಟುವ ಮೊದಲು ಬರೆದ ನಕ್ಷೆಗೂ ಜಗಳದಿಂದ ಹುಟ್ಟಿದ ನಕ್ಷೆಗೂ ಇರುವ ವ್ಯತ್ಯಾಸವೇ ಇದರ ತಿರುಳು.

ಪತ್ರಗಳಲ್ಲಿ ಬರೆಯುವ ಚಕ್ಕುಬಂದಿಯನ್ನೂ ಇಲ್ಲಿ ನೆನೆಯಬೇಕು. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೆ ಹಳ್ಳ ಎಂದು ಸಾಗುವ ಕ್ರಯಪತ್ರದ ಒಕ್ಕಣೆಯು ಶಾಸನಗಳ ಚತುಸ್ಸೀಮೆಯ ವಂಶದ್ದೇ. ಪತ್ರದಲ್ಲಿ ಹೇಳಿದ ವಿಸ್ತೀರ್ಣಕ್ಕೂ ಚಕ್ಕುಬಂದಿಗೂ ತಾಳೆಯಾಗದಿದ್ದರೆ ಸಾಮಾನ್ಯವಾಗಿ ಚಕ್ಕುಬಂದಿಯೇ ಮೇಲುಗೈ ಪಡೆಯುತ್ತದೆ. ಅಂಕಿಗಿಂತ ನೆರೆಯವರ ಹೆಸರು ಗಟ್ಟಿ ಎಂಬ ಹಳೆಯ ತಿಳಿವಳಿಕೆ ಆಧುನಿಕ ನ್ಯಾಯಾಲಯದಲ್ಲಿಯೂ ಹೀಗೆ ಉಳಿದುಕೊಂಡಿದೆ. ದೀರ್ಘಕಾಲದ ಪ್ರತಿಕೂಲ ಸ್ವಾಧೀನವಂತೂ ನಕ್ಷೆಯ ಗೆರೆಯನ್ನೇ ನಿರರ್ಥಕಗೊಳಿಸಬಲ್ಲದು; 1963ರ ಕಾಲಪರಿಮಿತಿ ಅಧಿನಿಯಮವು ಖಾಸಗಿ ಭೂಮಿಯ ವಿಷಯದಲ್ಲಿ ಇದಕ್ಕೆ 12 ವರ್ಷಗಳ ಅವಧಿಯನ್ನು ಗೊತ್ತುಪಡಿಸಿದೆ.

ಕರ್ನಾಟಕದಲ್ಲಿ ಜಮೀನ್ದಾರಿಗಳನ್ನು ಹೋಲುವ ಹಿಡುವಳಿಗಳೆಂದರೆ ಇನಾಂ ಮತ್ತು ಜೋಡಿ ಗ್ರಾಮಗಳು. ಸರ್ಕಾರಿ ಗ್ರಾಮಗಳ ವಿವರವಾದ ಮೋಜಣಿ ನಡೆದ ಕಾಲದಲ್ಲಿ ಇಂಥ ಗ್ರಾಮಗಳು ಅನೇಕ ಕಡೆ ಹೊರಗುಳಿದವು. ಸುತ್ತಲಿನ ಊರುಗಳನ್ನು ಅಳೆದಾಗ ಅವುಗಳ ಹೊರಗಡಿ ಮಾತ್ರ ಗೊತ್ತಾಯಿತು. 1954 ಮತ್ತು 1955ರ ಮೈಸೂರು ಇನಾಂ ರದ್ದಿಯಾತಿ ಕಾಯಿದೆಗಳ ಬಳಿಕ ಒಳಗಿನ ಹೊಲಗಳ ಹಕ್ಕನ್ನು ನಿರ್ಣಯಿಸಬೇಕಾಗಿ ಬಂದಾಗ ಹಳೆಯ ಟಿಪ್ಪಣಿಗಳಿಲ್ಲದ ಊರುಗಳಲ್ಲಿ ಗೇಣಿದಾರರ ಅನುಭವ, ಗುತ್ತಿಗೆಯ ಕಾಗದ, ನೆರೆಯವರ ಹೇಳಿಕೆಗಳಿಗೇ ಮೊರೆಹೋಗಬೇಕಾಯಿತು. 1961ರ ಕಾಯಿದೆಯಿಂದ ವಂಶಪಾರಂಪರ್ಯ ಗ್ರಾಮಾಧಿಕಾರ ರದ್ದಾಯಿತು. ಸಾಮಾಜಿಕ ನ್ಯಾಯದ ದೃಷ್ಟಿಯಿಂದ ಅದು ಅಗತ್ಯವಾಗಿದ್ದ ಕ್ರಮ. ಆದರೆ ಶಾನುಭೋಗ, ಪಟೇಲ, ತೋಟಿ, ತಳವಾರರ ನೆನಪಿನಲ್ಲಿದ್ದ ಎಲ್ಲೆಯ ತಿಳಿವಳಿಕೆಗೆ ವಾರಸುದಾರರಿಲ್ಲದಂತಾಯಿತು. ನಕ್ಷೆಯ ಮೇಲಣ ಭಾರ ಅಷ್ಟರಮಟ್ಟಿಗೆ ಹೆಚ್ಚಿತು.

ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಕೆಲವು ಸಂಗತಿಗಳು ಸ್ಥಿರಪಡುತ್ತವೆ. ಮೊದಲನೆಯದಾಗಿ, ಹಳೆಯ ನಕ್ಷೆಯನ್ನು ಪ್ರಮಾಣವಾಗಿ ಬಳಸುವಾಗ ಅದು ಯಾವ ಉದ್ದೇಶಕ್ಕಾಗಿ ಹುಟ್ಟಿತು ಎಂಬುದನ್ನು ಕೇಳಬೇಕು. ಮೆಕೆಂಜಿಯ ನಕ್ಷೆ, ರೆನೆಲ್‌ನ ನಕ್ಷೆ, ಗ್ರಾಮನಕ್ಷೆ, ಟಿಪ್ಪಣಿ ಇವು ಒಂದಕ್ಕೊಂದು ಬದಲಿಯಾಗಲಾರವು. ಎರಡನೆಯದಾಗಿ, ಪ್ರಮಾಣವು ಸೂಕ್ಷ್ಮವಾಗಿದ್ದಷ್ಟೂ ಸಾಕ್ಷ್ಯ ಬಲವಾಗುತ್ತದೆ ಎಂಬುದು ಪೂರ್ಣ ಸತ್ಯವಲ್ಲ. ಒರಟಾದ ಥಾಕ್ ನಕ್ಷೆ ಜಮೀನ್ದಾರಿಗಳ ಎಲ್ಲೆಯ ಮಟ್ಟಿಗೆ ನಿಖರವಾದ ಕಂದಾಯ ನಕ್ಷೆಗಿಂತ ಹೆಚ್ಚು ನುಡಿಯಿತು. ಮೂರನೆಯದಾಗಿ, ನಕ್ಷೆಯು ಸಾಕ್ಷಿಗಳ ಸ್ಥಾನವನ್ನು ಕಿತ್ತುಕೊಳ್ಳಲಿಲ್ಲ. ಅಂದಿನ ಸಾಕ್ಷಿಗಳು ನಡೆದು ತೋರಿಸಿದ ಎಲ್ಲೆಯನ್ನು ಅದು ಕಾಗದಕ್ಕೆ ಇಳಿಸಿತು.

ಇಂದು ಕರ್ನಾಟಕದಲ್ಲಿ ಪಹಣಿಗಳು ಗಣಕೀಕೃತವಾಗಿವೆ. ಅಳತೆಗೆ ಉಪಗ್ರಹದ ನೆರವು, ಡ್ರೋನ್ ಚಿತ್ರಗಳು ಬಂದಿವೆ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆ ಗ್ರಾಮಠಾಣದ ಮನೆ ನಿವೇಶನಗಳನ್ನೂ ನಕ್ಷೆಗೆ ತಂದಿದೆ. ಈ ಸಾಧನಗಳು ಬದು ಇಂದು ಎಲ್ಲಿದೆ ಎಂಬುದನ್ನು ಅಂಗುಲಗಳ ಸೂಕ್ಷ್ಮತೆಯಲ್ಲಿ ಹೇಳಬಲ್ಲವು. ಆ ಬದು ಅಲ್ಲಿರುವುದು ಒಪ್ಪಿಗೆಯಿಂದಲೋ ಒತ್ತುವರಿಯಿಂದಲೋ ಎಂಬುದನ್ನು ಅವು ಹೇಳಲಾರವು. ಅದಕ್ಕೆ ಹಳೆಯ ಟಿಪ್ಪಣಿ, ಬಾಂದುಕಲ್ಲು, ಚಕ್ಕುಬಂದಿ ಮತ್ತು ನೆರೆಯವರ ಮಾತು ಈಗಲೂ ಬೇಕು. ಆದುದರಿಂದ ತಾಲೂಕು ಕಚೇರಿಗಳ ಅಭಿಲೇಖಾಲಯಗಳಲ್ಲಿರುವ ಮೂಲ ಟಿಪ್ಪಣಿಗಳನ್ನೂ ಗಡಿ ಒಪ್ಪಂದದ ಕಾಗದಗಳನ್ನೂ ಹೊಸ ನಕ್ಷೆ ಬಂದಿತೆಂಬ ಕಾರಣದಿಂದ ಅಲಕ್ಷಿಸದೆ ಕಾಪಾಡಬೇಕಾಗಿದೆ. ಅವು ಕಳೆದುಹೋದರೆ ಇತಿಹಾಸಕಾರರು ಒಂದು ಆಕರವನ್ನು ಕಳೆದುಕೊಳ್ಳುತ್ತಾರೆ. ಹೊಲದ ಬದುವಿನ ಮೇಲೆ ನಿಂತ ರೈತ ತನ್ನ ಪರವಾಗಿ ನುಡಿಯಬಲ್ಲ ಏಕೈಕ ಸಾಕ್ಷಿಯನ್ನು ಕಳೆದುಕೊಳ್ಳಬಹುದು.